ಅಜ್ಜಿಮನೆ ಗುಂಪಿಗೆ ಬಂದ ಐದು ಸಾವಿರದ ಫಾರ್ವರ್ಡು

ಪ್ರಕಾಶಣ್ಣ: (ಫಾರ್ವರ್ಡ್) ಹೊಸ ರಾಷ್ಟ್ರೀಯ ಅಂಗವಿಕಲರ ನೀತಿ ಜಾರಿ!! ಪ್ರತಿಯೊಬ್ಬ ಅಂಗವಿಕಲರ ಖಾತೆಗೆ ತಿಂಗಳಿಗೆ 5000 ರೂ. ಇವತ್ತೇ ಕೊನೇ ದಿನ. ಲಿಂಕ್ ಒತ್ತಿ ಆಧಾರ್ ನಂಬರ್ ಹಾಕಿ. ಒಬ್ಬರಿಗಾದರೂ ಉಪಯೋಗವಾಗಲಿ.

ಪ್ರಕಾಶಣ್ಣ: ಲತಾ, ನಿನಗೋಸ್ಕರಾನೇ ಹಾಕಿದೀನಿ ನೋಡು

ಚಿಕ್ಕಮ್ಮ: ಒಳ್ಳೇದಾಯ್ತು. ಬೇಗ ಹಾಕಮ್ಮ ಲತಾ, ಸರ್ವರ್ ಡೌನ್ ಆಗೋಕೆ ಮುಂಚೆ

ಗಿರೀಶ: ಯಾರೂ ಲಿಂಕ್ ಒತ್ತಬೇಡಿ. ಎಲ್ಲಿಂದ ಬಂತಣ್ಣ ಇದು? ಗೆಜೆಟ್ ಅಧಿಸೂಚನೆ ಇದೆಯಾ? ಇಲಾಖೆ ಆದೇಶ ಇದೆಯಾ?

ಪ್ರಕಾಶಣ್ಣ: ನಮ್ಮ ಆಫೀಸ್ ಗುಂಪಲ್ಲಿ ಬಂತು ಕಣೋ. ನಿನಗೆ ಎಲ್ಲದಕ್ಕೂ ಸಾಕ್ಷಿ ಬೇಕು. ಕೊರೋನಾ ಟೈಮಲ್ಲಿ ಕಷಾಯದ ವಿಷಯಕ್ಕೂ ಹಿಂಗೇ ಮಾಡಿದ್ದೆ

ಗಿರೀಶ: ಕಷಾಯಕ್ಕೂ ಸಾಕ್ಷಿ ಇರಲಿಲ್ಲ. ಆಗಲೂ ನೀವು ಉತ್ತರ ಕೊಡಲಿಲ್ಲ

ಚಿಕ್ಕಮ್ಮ: ಅಣ್ಣ ತಮ್ಮಂದಿರು ಬೆಳಗ್ಗೆ ಬೆಳಗ್ಗೆ ಶುರು ಮಾಡಬೇಡ್ರಪ್ಪ

ದೊಡ್ಡಪ್ಪ: ಐದು ಸಾವಿರ ಕೊಡಲಿ ಬಿಡಲಿ, ಒಂದು ಮಾತು ಹೇಳ್ತೀನಿ. ನಮ್ಮ ಕಾಲದಲ್ಲಿ ಇದಕ್ಕೆಲ್ಲ ದೆಹಲಿಯಿಂದ ನೀತಿ ಬರಬೇಕಾಗಿರಲಿಲ್ಲ. ಮನೆಯವರೇ ನೋಡ್ಕೋತಿದ್ರು. ಒಟ್ಟು ಕುಟುಂಬ ಹೋಯ್ತು, ಕರುಣೆ ಹೋಯ್ತು, ಎಲ್ಲಾದಕ್ಕೂ ಸರ್ಕಾರದ ಮುಂದೆ ಕೈಚಾಚೋದು ಬಂತು.

ರೇಖಾ: ನಿಜ ದೊಡ್ಡಪ್ಪ. ಶೀನಮಾವ ನೆನಪಾದ್ರು. ಎಡಗೈಯಿಂದ ಮೊಣಕಾಲು ಒತ್ತಿ ಹಿಡ್ಕೊಂಡು ಒಂದೊಂದೇ ಹೆಜ್ಜೆ ಇಡ್ತಿದ್ರಲ್ಲ, ಪಂಚೆ ಆ ಜಾಗದಲ್ಲಿ ಮಾತ್ರ ಸವೆದು ತೆಳ್ಳಗಾಗಿರ್ತಿತ್ತು. ತೇರಿನ ದಿನ ಅಜ್ಜ ಅವರನ್ನ ಹೆಗಲ ಮೇಲೆ ಹೊತ್ಕೊಂಡು ಹೋಗ್ತಿದ್ರು. ಅಜ್ಜಿ ಬಾಳೆಲೆ ತುಂಬ ಚಿತ್ರಾನ್ನ ಇಟ್ಟಿರೋಳು. ಆ ಫೋಟೋ ಯಾರ ಹತ್ರ ಇದೆ?

ಚಿಕ್ಕಮ್ಮ: ಅಯ್ಯೋ ಆ ಚಿತ್ರಾನ್ನ. ಫೋಟೋ ಹಾಸನದವರ ಮನೇಲಿ ಇರಬೇಕು. ಮನೆ ಪಾಲಾದಾಗ ಆಲ್ಬಮ್ ಅವರೇ ತಗೊಂಡು ಹೋಗಿದ್ದು

ದೊಡ್ಡಮ್ಮ: ಆಲ್ಬಮ್ ನಾವು ತಗೊಂಡಿಲ್ಲ. ಎಷ್ಟು ಸಲ ಹೇಳೋದು?

ಲತಾ: ರೇಖಾ, ಶೀನಮಾವ ಏಳನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದು ಯಾಕೆ ಅಂತಾನೂ ಹೇಳು. ಹೈಸ್ಕೂಲು ಹೊಳೆಯಾಚೆ ಇತ್ತು. ತೇರಿಗೆ ವರ್ಷಕ್ಕೊಂದು ದಿನ ಹೆಗಲು ಸಿಕ್ತು. ಶಾಲೆಗೆ ದಿನಾ ಯಾರು ಹೊರ್ತಾರೆ? ಲೆಕ್ಕದಲ್ಲಿ ಅಷ್ಟು ಚುರುಕಾಗಿದ್ದೋರು ಸೈಕಲ್ ಪಂಚರ್ ಹಾಕ್ಕೊಂಡೇ ಹೋಗಿಬಿಟ್ರು.

ಲತಾ: ಪ್ರಕಾಶಣ್ಣ, ನನ್ನ ನೆನಪು ಮಾಡ್ಕೊಂಡಿದ್ದಕ್ಕೆ ಸಂತೋಷ. ಆದರೆ ಇದು ಸುಳ್ಳು. ರಾಷ್ಟ್ರೀಯ ನೀತಿ ಅಂತ ಒಂದು 2006ರಲ್ಲೇ ಬಂದಿದೆ. 2016ರಲ್ಲಿ ಅಂಗವಿಕಲರ ಹಕ್ಕುಗಳ ಹೊಸ ಕಾಯ್ದೆ ಆಯ್ತು, ಹಳೇ ಕಾಯ್ದೆಯ ಪಟ್ಟಿಯಲ್ಲಿದ್ದ 7 ಬಗೆ ವೈಕಲ್ಯ 21 ಆಯ್ತು. ಅದಕ್ಕೆ ಹೊಂದೋ ಹಾಗೆ ಹೊಸ ನೀತಿಯ ಕರಡನ್ನ 2022ರ ಜೂನ್‌ನಲ್ಲಿ ಜನರ ಮುಂದಿಟ್ಟು ಅಭಿಪ್ರಾಯ ಕೇಳಿದ್ರು. ನೀತಿ ಅಂದ್ರೆ ದುಡ್ಡು ಮಂಜೂರಾಯ್ತು ಅಂತಲ್ಲ. ಕೇಂದ್ರದ ಪಿಂಚಣಿ ಪಾಲು ತಿಂಗಳಿಗೆ 300 ರೂಪಾಯಿ. ಅದೂ 80% ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರೋ, ಬಿಪಿಎಲ್ ಮನೆಯವರಿಗೆ. ಮಿಕ್ಕಿದ್ದು ರಾಜ್ಯ ಸೇರಿಸಬೇಕು.

ಗಿರೀಶ: ಇದನ್ನೇ ನಾನು ಹೇಳಿದ್ದು

ಲತಾ: ನೀನು ಹೇಳಿದ್ದು ಸಾಕ್ಷಿ ಎಲ್ಲಿ ಅಂತ ಅಷ್ಟೇ ಗಿರೀಶ. ನೀತಿ ಯಾಕೆ ಬೇಕು ಅಂತ ಯಾರೂ ಕೇಳಲಿಲ್ಲ. 2011ರ ಜನಗಣತಿಯಲ್ಲಿ 8 ಬಗೆ ಮಾತ್ರ ಎಣಿಸಿ 2.68 ಕೋಟಿ ಅಂದ್ರು. ಕಾನೂನಲ್ಲಿ 21 ಇದೆ. ಎಣಿಸದೇ ಇದ್ದೋರಿಗೆ ಬಜೆಟ್ಟಲ್ಲಿ ಜಾಗ ಹೆಂಗೆ ಸಿಗುತ್ತೆ? ಯಾವ ಕೆಲಸ, ಯಾವ ಇಲಾಖೆ, ಯಾವ ತಾರೀಖು, ಎಷ್ಟು ದುಡ್ಡು ಅಂತ ಬರೆದಿಡದ ನೀತಿ ನನಗೆ ಬೇಡ. ವೈಕಲ್ಯದ ಪರ್ಸೆಂಟೇಜ್ ಬರೆಸೋಕೆ ನಾನು ಹೋದ ಆಫೀಸೇ ಮಹಡಿ ಮೇಲಿತ್ತು. ಗುಮಾಸ್ತರು ಕೆಳಗಿಳಿದು ಬಂದು, ಬೈಕ್ ಸೀಟಿನ ಮೇಲೆ ಕಾಗದ ಇಟ್ಟು ಸಹಿ ಹಾಕಿಸ್ಕೊಂಡ್ರು.

ಪ್ರಕಾಶಣ್ಣ: ಸರ್ಕಾರಿ ಆಫೀಸುಗಳ ಹಣೆಬರಹವೇ ಅಷ್ಟು

ಲತಾ: ನಿಮ್ಮ ಮಗಳ ಮದುವೆ ಛತ್ರ ಸರ್ಕಾರದ್ದಲ್ವಲ್ಲ ಅಣ್ಣ. ಊಟದ ಹಾಲ್ ನೆಲಮಾಳಿಗೆಯಲ್ಲಿತ್ತು.

ಪ್ರಕಾಶಣ್ಣ: ಅದನ್ನ ಈಗ ಯಾಕೆ ಎತ್ತುತೀಯ? ಊಟ ಮೇಲಕ್ಕೇ ಕಳಿಸಿದ್ನಲ್ಲ

ಲತಾ: ಕಳಿಸಿದ್ರಿ. ಮುಯ್ಯಿ ಬರೆಯೋ ಟೇಬಲ್ ಪಕ್ಕ ಒಬ್ಬಳೇ ಕೂತು ಉಂಡೆ. ಎರಡನೇ ಸಲ ಸಾರು ಬೇಕಿತ್ತು, ಕೇಳೋಕೆ ಯಾರೂ ಇರಲಿಲ್ಲ.

ಚಿಕ್ಕಮ್ಮ: ಆವತ್ತು ಹೇಳಬಾರದಿತ್ತಾ ಲತಾ

ಲತಾ: ಮದುವೆ ಮನೇಲಿ ಹೇಳಿದ್ರೆ ಮುನಿಸು ಅಂತಿದ್ರಿ ಚಿಕ್ಕಮ್ಮ. ಖಾಸಗಿ ಛತ್ರ ಆದರೂ ಜನ ಬಳಸೋ ಕಟ್ಟಡ ಅಂದ್ಮೇಲೆ ಕಾಯ್ದೆ ಅದಕ್ಕೂ ಅನ್ವಯ ಆಗುತ್ತೆ. ಇರೋ ಕಟ್ಟಡಗಳನ್ನೂ ನಿಯಮ ಬಂದ ಐದು ವರ್ಷದೊಳಗೆ ಸರಿಪಡಿಸಬೇಕು ಅಂತಿದೆ. ನಿಯಮ ಬಂದಿದ್ದು 2017ರ ಜೂನ್‌ನಲ್ಲಿ. ರಾಜೀವ್ ರತೂರಿ ಅಂತ ದೃಷ್ಟಿ ಇಲ್ಲದವರೊಬ್ಬರು 2005ರಲ್ಲಿ ಹಾಕಿದ್ದ ಕೇಸಿನಲ್ಲಿ, 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು ಹೇಳ್ತು: ನಿಯಮ ಬರೀ ಸಲಹೆ ಥರ ಇದ್ರೆ ಆಗಲ್ಲ, ಮೂರು ತಿಂಗಳಲ್ಲಿ ಕಡ್ಡಾಯದ ನಿಯಮ ಮಾಡಿ ಅಂತ. ಆ ಮನುಷ್ಯ ಎಷ್ಟು ಕಾಲ ಕಾದ್ರು ನೋಡಿ.

ದೊಡ್ಡಪ್ಪ: ಮನೆ ಮಾತನ್ನ ಸುಪ್ರೀಂ ಕೋರ್ಟಿನವರೆಗೆ ಎಳೀಬಾರದಮ್ಮ. ಹೊಂದಿಕೊಂಡು ಹೋಗೋದ್ರಲ್ಲಿ ದೊಡ್ಡತನ ಇದೆ.

ಲತಾ: ದೊಡ್ಡಪ್ಪ, ಆ 21ರ ಪಟ್ಟಿಯಲ್ಲಿ ಪಾರ್ಕಿನ್ಸನ್ಸ್ ಕೂಡ ಇದೆ. ನಿಮಗೂ ಅಂಗವಿಕಲರ ಕಾರ್ಡು ಮಾಡಿಸಬಹುದು.

ದೊಡ್ಡಮ್ಮ: ಲತಾ! ಇಷ್ಟು ಜನರ ಮುಂದೆ ಹೇಳಬೇಕಿತ್ತಾ? ಅವರು ಫೋನ್ ಕೆಳಗಿಟ್ಟು ಎದ್ದು ಹೋದ್ರು

ರೇಖಾ: ದೊಡ್ಡಪ್ಪಂಗೆ ಪಾರ್ಕಿನ್ಸನ್ಸಾ? ಯಾವಾಗಿಂದ? ನನಗೆ ಯಾರೂ ಹೇಳೇ ಇಲ್ಲ

ಪ್ರಕಾಶಣ್ಣ: ದೊಡ್ಡೋರಿಗೆ ಹಿಂಗೆ ಮಾತಾಡೋದು ತಪ್ಪು ಲತಾ. ಕ್ಷಮೆ ಕೇಳು

ಲತಾ: ದೊಡ್ಡಮ್ಮ, ಅವರನ್ನ ನೋಯಿಸೋಕೆ ಹೇಳಲಿಲ್ಲ. ನಂದು ಮುಚ್ಚಿಡೋಕೆ ಆಗೋ ಥರದ್ದಲ್ಲ, ಬಾಗಿಲಲ್ಲೇ ಎಲ್ಲರಿಗೂ ಕಾಣುತ್ತೆ. ಅದರಲ್ಲಿ ನಾಚಿಕೆ ಏನಿದೆ? ದೊಡ್ಡಪ್ಪನ ಸಹಸ್ರಚಂದ್ರ ದರ್ಶನ ಶಾಂತಿಗೆ ಬುಕ್ ಮಾಡಿರೋ ಹಾಲ್ ಎಷ್ಟನೇ ಮಹಡಿ ಪ್ರಕಾಶಣ್ಣ?

ಪ್ರಕಾಶಣ್ಣ: ಒಂದನೇ ಮಹಡಿ. ಲಿಫ್ಟ್ ಮಾಡಿಸ್ತಾ ಇದ್ದಾರಂತೆ. ಹುಡುಗರು ಇರ್ತಾರೆ, ಎತ್ಕೋತಾರೆ

ಲತಾ: ನನ್ನನ್ನ ಯಾರೂ ಎತ್ಕೋಬೇಡಿ. ಗಾಲಿಕುರ್ಚಿ ಸಮೇತ ಎತ್ತುವಾಗ ಯಾರ ಕೈ ಎಲ್ಲಿ ತಾಗುತ್ತೆ ಅಂತ ನಿಮಗೆ ಗೊತ್ತಿಲ್ಲ. ಲಿಫ್ಟ್ ಇಲ್ಲದಿದ್ರೆ ನಾನು ಬರಲ್ಲ.

ದೊಡ್ಡಪ್ಪ: ಪ್ರಕಾಶ, ನನಗೂ ಮೆಟ್ಟಿಲು ಹತ್ತೋಕಾಗಲ್ಲ. ಕೆಳಗಡೆ ಹಾಲ್ ಇರೋ ಕಡೆ ನೋಡು.

ಪ್ರಕಾಶಣ್ಣ: ಅಡ್ವಾನ್ಸ್ ಕೊಟ್ಟಾಗಿದೆ ದೊಡ್ಡಪ್ಪ

ಗಿರೀಶ: ರಸೀದಿ ಹಾಕಣ್ಣ, ವಾಪಸ್ ಕೇಳೋಣ

ಪ್ರಕಾಶಣ್ಣ: ರಸೀದಿ ಎಲ್ಲಿ ಬಂತು, ಗುರುತಿನವರು ಅಂತ ಕೈಯಲ್ಲೇ ಕೊಟ್ಟಿದ್ದು