ಇಂಜಿನ್ ಬದಲಿಸಿದ ಮೇಲೆ ಪ್ಲಗ್‌ಗೆ ಕರೆಂಟೇ ಬರ್ತಿಲ್ಲ, ಅನುಭವ ಇದ್ದವರು ಹೇಳಿ

ಪ್ರಶ್ನೆ

ಟೆಕ್ಸಾಸ್‌ನಲ್ಲಿದ್ದೇನೆ. ನನ್ನ ಹತ್ತಿರ 1972ರ ಶೆವ್ರೊಲೆ ಸಿ10 ಪಿಕಪ್ ಟ್ರಕ್ ಇದೆ. ಅದರ ಆರು ಸಿಲಿಂಡರ್ ಇಂಜಿನ್ ವಿಪರೀತ ಆಯಿಲ್ ಕುಡಿಯುತ್ತಿತ್ತು. ಹೋದ ತಿಂಗಳು ಅದನ್ನು ಇಳಿಸಿ, 1978ರ ಗಾಡಿಯೊಂದರ 350 ವಿ8 (350 ಘನ ಇಂಚಿನ, ಎಂಟು ಸಿಲಿಂಡರ್ ಇಂಜಿನ್) ಕೂರಿಸಿದೆ. ಸೆಲ್ಫ್ ಚೆನ್ನಾಗಿ ತಿರುಗುತ್ತದೆ. ಕಾರ್ಬ್ಯುರೇಟರ್‌ಗೆ ಪೆಟ್ರೋಲ್ ಬರುತ್ತಿದೆ. ಪ್ಲಗ್‌ನಲ್ಲಿ ಮಾತ್ರ ಕಿಡಿ ಇಲ್ಲ.

ಹಳೆಯದರಲ್ಲಿ ಕಾಯಿಲ್‌ನ ಕರೆಂಟನ್ನು ಕಡಿದು ಕಿಡಿ ಹುಟ್ಟಿಸುವ ಪಾಯಿಂಟ್, ಕಂಡೆನ್ಸರ್ ಇತ್ತು. ಈ ವಿ8ನಲ್ಲಿ ಎಚ್‌ಇಐ (ಜಿಎಂನ ಎಲೆಕ್ಟ್ರಾನಿಕ್ ಇಗ್ನಿಷನ್) ಡಿಸ್ಟ್ರಿಬ್ಯೂಟರ್, ಕಾಯಿಲ್ ಅದರ ಕ್ಯಾಪಿನ ಮೇಲೇ ಇದೆ. ಹಳೇ ಕಾಯಿಲ್ ವೈರ್ ಇದಕ್ಕೆ ಆಗಲ್ಲ ಅಂತ ಗೊತ್ತಿತ್ತು. ಅದಕ್ಕೆ ಫ್ಯೂಸ್ ಬಾಕ್ಸಿನ ಒಂದು ಖಾಲಿ ಟರ್ಮಿನಲ್‌ನಿಂದ ಹೊಸ ವೈರ್ ಎಳೆದೆ. ಕೀ ಆನ್ ಮಾಡಿದರೆ ಮೀಟರ್ 12.4 ವೋಲ್ಟ್ ತೋರಿಸುತ್ತದೆ. ಕಾಯಿಲ್ ಬದಲಿಸಿದೆ, ಮಾಡ್ಯೂಲ್ (ಪಾಯಿಂಟ್ ಬದಲಿಗೆ ಇರುವ ಎಲೆಕ್ಟ್ರಾನಿಕ್ ಸ್ವಿಚ್) ಬದಲಿಸಿದೆ, ಏನೂ ಉಪಯೋಗ ಆಗಲಿಲ್ಲ. ಮೂರು ವಾರದಿಂದ ಗಾಡಿ ಡ್ರೈವ್‌ವೇನಲ್ಲಿ ನಿಂತಿದೆ. ಮುಂದೆ ಎಲ್ಲಿ ನೋಡಲಿ?

ಉತ್ತರ 1

ಇನ್ನು ಯಾವ ಪಾರ್ಟನ್ನೂ ಕೊಳ್ಳಬೇಡಿ. ಅಲ್ಲಿಯವರೆಗೆ ಓಡುತ್ತಿದ್ದ ಡಿಸ್ಟ್ರಿಬ್ಯೂಟರ್ ಇಂಜಿನ್ ಬದಲಿಸಿದ ದಿನವೇ ಕೆಡುವುದು ಅಪರೂಪ. ಇಂಜಿನ್ ಇಳಿಸುವಾಗ ನಾವು ಯಾವುದನ್ನು ಬಿಚ್ಚಿದೆವೋ, ತಪ್ಪು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ನಾನು ಮಿಷಿಗನ್‌ನಲ್ಲಿ 1974ರ ಟ್ರಕ್ಕಿಗೆ ಇದೇ ಕೆಲಸ ಮಾಡಿದ್ದೆ. ಆಗ ನನಗೆ ಮೋಸ ಮಾಡಿದ್ದು ಮೀಟರ್. ನಿಮ್ಮ 12.4 ನೋಡಿದ ಕೂಡಲೇ ಅದೇ ನೆನಪಾಯಿತು. ಪಾಯಿಂಟ್ ಇದ್ದ ಕಾಲದ ಈ ಗಾಡಿಗಳಲ್ಲಿ ಫೈರ್‌ವಾಲ್‌ನಿಂದ (ಇಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆ) ಕಾಯಿಲ್‌ಗೆ ಬರುವ ವೈರೇ ಒಂದು ರೆಸಿಸ್ಟರ್. ಪಾಯಿಂಟ್ ಸುಡದಿರಲಿ ಅಂತ ಕರೆಂಟನ್ನು ತಗ್ಗಿಸಿ ಕೊಡುತ್ತದೆ. 1975ರಿಂದ ಜಿಎಂ ಗಾಡಿಗಳಲ್ಲಿ ಮಾಮೂಲಾದ ಎಚ್‌ಇಐಗೆ ಪೂರ್ತಿ 12 ವೋಲ್ಟ್ ಬೇಕು. ನಾನು ಹಳೇ ವೈರನ್ನೇ ಸಿಕ್ಕಿಸಿದ್ದೆ. ಅಳೆದರೆ 12 ಬರುತ್ತಿತ್ತು. ಯಾಕೆಂದರೆ ಮೀಟರ್ ಎಳೆಯುವ ಕರೆಂಟ್ ಏನೇನೂ ಅಲ್ಲ, ರೆಸಿಸ್ಟರ್ ಇದ್ದರೂ ಗೊತ್ತಾಗುವುದಿಲ್ಲ. ಕಡೆಗೆ ಒಂದು ಹಳೇ ಹೆಡ್‌ಲೈಟ್ ಬಲ್ಬನ್ನು ಆ ವೈರಿಗೂ ಅರ್ತಿಗೂ ಕಟ್ಟಿದೆ. ಬಲ್ಬ್ ಮಂಕಾಗಿ ಕೆಂಪಗೆ ಉರಿಯಿತು. ಮೀಟರ್ 8ರ ಹತ್ತಿರ ಇಳಿಯಿತು. ಅಲ್ಲಿಗೆ ಅರ್ಥವಾಯಿತು.

ನೀವು ಆ ವೈರ್ ಬಿಟ್ಟಿದ್ದೀರಿ, ಒಳ್ಳೆಯದು. ಆದರೆ ಖಾಲಿ ಟರ್ಮಿನಲ್ ಅಂದಿರಲ್ಲ, ಅದರ ಪಕ್ಕದಲ್ಲಿ ಏನು ಬರೆದಿದೆ ನೋಡಿ. ಎಸಿಸಿ (ಆಕ್ಸೆಸರಿ) ಅಂತ ಇದ್ದರೆ ಅದು ರೇಡಿಯೊಗೆ ಕೊಡುವ ಲೈನ್. ಕೀ ಆನ್‌ನಲ್ಲಿ ಬರುತ್ತದೆ, ಸೆಲ್ಫ್ ಹೊಡೆಯುವಾಗ ಸತ್ತುಹೋಗುತ್ತದೆ. ನಿಮಗೆ ಬೇಕಾದದ್ದು ಐಜಿಎನ್ (ಇಗ್ನಿಷನ್) ಅಂತ ಬರೆದದ್ದು, ಅದು ಸೆಲ್ಫ್ ಹೊಡೆಯುವಾಗಲೂ ಇರುತ್ತದೆ. ಡಿಸ್ಟ್ರಿಬ್ಯೂಟರ್ ಕ್ಯಾಪಿನ ಬ್ಯಾಟ್ (ಬ್ಯಾಟರಿ) ಟರ್ಮಿನಲ್‌ಗೆ ಬರುವ ವೈರನ್ನು ಕಿತ್ತು, ಅದಕ್ಕೆ ಬಲ್ಬ್ ಕಟ್ಟಿ, ಮನೆಯವರನ್ನು ಕೂರಿಸಿ ಸೆಲ್ಫ್ ಹೊಡೆಸಿ. ಸೆಲ್ಫ್ ಎಳೆತಕ್ಕೆ ಬಲ್ಬ್ ಸ್ವಲ್ಪ ಮಂಕಾಗಬಹುದು, ಆರಬಾರದು.

ಇಲ್ಲಿ ಎಲ್ಲ ಸರಿ ಇದ್ದರೆ ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿ ಪ್ಲಸ್‌ಗೆ ಹಾಕಿ, ಮೊನೆಯನ್ನು ಕ್ಯಾಪಿನ ಮೇಲಿನ ಟ್ಯಾಕ್ (ಟ್ಯಾಕೋಮೀಟರ್) ಟರ್ಮಿನಲ್‌ಗೆ ತಾಗಿಸಿ. ಸೆಲ್ಫ್ ಹೊಡೆದಾಗ ಮಿನುಗಿದರೆ ಮಾಡ್ಯೂಲ್ ಕೆಲಸ ಮಾಡುತ್ತಿದೆ, ತೊಂದರೆ ಕಾಯಿಲ್, ಕ್ಯಾಪ್, ರೋಟರ್ (ಕ್ಯಾಪಿನೊಳಗೆ ತಿರುಗುತ್ತಾ ಪ್ಲಗ್‌ಗಳಿಗೆ ಕರೆಂಟ್ ಹಂಚುವ ತುಂಡು) ಕಡೆ. ಮಿನುಗದಿದ್ದರೆ ಡಿಸ್ಟ್ರಿಬ್ಯೂಟರ್ ಒಳಗೆ ಮಾಡ್ಯೂಲ್‌ಗೆ ಸಿಗ್ನಲ್ ಕೊಡುವ ಪಿಕಪ್ ಕಾಯಿಲ್ ಅಳೆಯಿರಿ. 500ರಿಂದ 1500 ಓಮ್ ಒಳಗೆ ಇರಬೇಕು. ಅಳೆಯುವಾಗ ಅದರ ಎರಡು ವೈರ್‌ಗಳನ್ನು ಬೆರಳಲ್ಲಿ ಅಲ್ಲಾಡಿಸಿ. ವ್ಯಾಕ್ಯೂಮ್ ಅಡ್ವಾನ್ಸ್ (ಇಂಜಿನ್ನಿನ ಎಳೆತಕ್ಕೆ ಕಿಡಿಯ ಸಮಯ ಬದಲಿಸುವ ಭಾಗ) ಎಳೆದಾಗಲೆಲ್ಲ ಅವು ಬಾಗುತ್ತವೆ. ಹೊರಗಿನ ಹೊದಿಕೆ ಚೆನ್ನಾಗೇ ಕಾಣುತ್ತದೆ, ಒಳಗೆ ತಂತಿ ತುಂಡಾಗಿರುತ್ತದೆ.

ದಯವಿಟ್ಟು ಪ್ಲಗ್ ಲೀಡನ್ನು ಕೈಯಲ್ಲಿ ಹಿಡಿದು ಕಿಡಿ ನೋಡಬೇಡಿ. ಎಚ್‌ಇಐ ಹೊಡೆತ 30 ಸಾವಿರ ವೋಲ್ಟ್ ದಾಟುತ್ತದೆ. ಸ್ಪಾರ್ಕ್ ಟೆಸ್ಟರ್ ತನ್ನಿ, ಕಡಿಮೆ ದುಡ್ಡಿಗೆ ಸಿಗುತ್ತದೆ. ಇಂಜಿನ್ ಮೇಲೆ ಪೆಟ್ರೋಲ್ ಚೆಲ್ಲಿದ್ದರೆ ಮೊದಲು ಒರೆಸಿ.

ಉತ್ತರ 2

ಶಿವಮೊಗ್ಗದಲ್ಲಿ ಗ್ಯಾರೇಜ್ ಇಟ್ಟಿದ್ದೇನೆ ಸರ್. ನಮ್ಮಲ್ಲಿ ಟ್ರಕ್ ಅಂದರೆ ಡೀಸೆಲ್, ಪ್ಲಗ್ಗಿನ ಮಾತೇ ಇಲ್ಲ. ಆದರೆ ಓಮ್ನಿ ಇಂಜಿನ್ ಎಷ್ಟೋ ಬದಲಿಸಿದ್ದೇನೆ. ನನ್ನ ಅನುಭವದಲ್ಲಿ ಮರೆತುಹೋಗುವುದು ಅರ್ತ್ ವೈರ್. ಬೋಲ್ಟ್ ಬಿಚ್ಚಿ ಪಕ್ಕಕ್ಕೆ ಇಡುತ್ತೇವೆ, ಇಂಜಿನ್ ಕೂತ ಖುಷಿಯಲ್ಲಿ ಅದು ಹಾಗೇ ಉಳಿಯುತ್ತದೆ.

ಒಂದು ಸಲ ಹಾಗೇ ಆಯಿತು. ಸೆಲ್ಫ್ ನಿಧಾನಕ್ಕೆ ತಿರುಗುತ್ತಿತ್ತು. ಹುಡುಗ ಎರಡು ಮೂರು ಸಲ ಹೊಡೆದ. ಆಕ್ಸಿಲರೇಟರ್ ಕೇಬಲ್ಲಿನಿಂದ ಹೊಗೆ! ಸೆಲ್ಫಿನ ಕರೆಂಟ್ ವಾಪಸ್ ಹೋಗಲು ಬೇರೆ ದಾರಿ ಇಲ್ಲದೆ ಆ ಕೇಬಲ್ ಹಿಡಿದು ಹೋಗಿತ್ತು. ಹೊರಗಿನ ಪ್ಲಾಸ್ಟಿಕ್ ಕರಗಿ ಅಂಟಿಕೊಂಡಿತ್ತು.

ನಿಮ್ಮ ಬ್ಯಾಟರಿ ಮೈನಸ್ ಬ್ಲಾಕಿಗೆ ಸರಿಯಾಗಿ ಕೂತಿದೆಯಾ? ಬ್ಲಾಕಿನಿಂದ ಬಾಡಿಗೆ ಪಟ್ಟಿ ಇದೆಯಾ? ಹೊಸದಾಗಿ ಬಣ್ಣ ಹೊಡೆದಿದ್ದರೆ ಬೋಲ್ಟ್ ಜಾಗದಲ್ಲಿ ಕೆರೆದು ಕಬ್ಬಿಣ ಕಾಣುವಂತೆ ಮಾಡಿ. ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಡಿಸ್ಟ್ರಿಬ್ಯೂಟರ್ ಬಾಡಿಗೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಅರ್ತ್ ಸರಿ ಇಲ್ಲ.

ಉತ್ತರ 3

ಕ್ಯಾಪ್ ತೆಗೆದು, ಸೆಲ್ಫ್ ಹೊಡೆದಾಗ ರೋಟರ್ ತಿರುಗುತ್ತದಾ ಅಂತಲೂ ನೋಡಿ. ಡಿಸ್ಟ್ರಿಬ್ಯೂಟರಿನ ಗೇರ್ ಪಿನ್ ತುಂಡಾಗಿದ್ದರೆ ಇಂಜಿನ್ ತಿರುಗುತ್ತದೆ, ರೋಟರ್ ಸುಮ್ನೆ ನಿಂತಿರುತ್ತದೆ. ಹೊಸ ಮಾಡ್ಯೂಲ್ ಅಡಿಗೆ ಡಬ್ಬಿಯಲ್ಲಿ ಕೊಡುವ ಗ್ರೀಸ್ ಹಚ್ಚಿದ್ದೀರಿ ತಾನೆ? ಹಚ್ಚದಿದ್ದರೆ ಬಿಸಿಗೆ ಹೋಗುತ್ತದೆ.

ಕೇಳಿದವರು

ಸಿಕ್ಕಿತು! ನಿನ್ನೆ ಸಂಜೆ ಹೆಂಡತಿಯನ್ನು ಸೀಟಿನಲ್ಲಿ ಕೂರಿಸಿ ಬಲ್ಬ್ ಕಟ್ಟಿದೆ. ಕೀ ಆನ್, ಬಲ್ಬ್ ಬೆಳ್ಳಗೆ ಉರಿಯಿತು. ಸೆಲ್ಫ್ ಹೊಡೆದಳು, ಬಲ್ಬ್ ಪೂರ್ತಿ ಆರಿತು. ಕೀ ಬಿಟ್ಟಳು, ಮತ್ತೆ ಹತ್ತಿತು. ಮೂರು ವಾರದ ತಲೆನೋವು ಅಷ್ಟೇ ಆಗಿತ್ತು. ಟಾರ್ಚ್ ಹಿಡಿದು ನೋಡಿದರೆ ನಾನು ಹಾಕಿದ್ದು ಎಸಿಸಿಗೇ.

ಐಜಿಎನ್‌ಗೆ ಬದಲಿಸಿದೆ. ದಪ್ಪದ 12 ಗೇಜ್ ವೈರ್ ಹಾಕಿದೆ. ಟೆಸ್ಟರಿನಲ್ಲಿ ಚಟಪಟ ನೀಲಿ ಕಿಡಿ ಬಂತು. ಆದರೂ ಸ್ಟಾರ್ಟ್ ಆಗಲಿಲ್ಲ, ಕಾರ್ಬ್ಯುರೇಟರ್ ಬಾಯಿಂದ ಭುಸ್ ಅಂತ ಬೆಂಕಿ ಉಗುಳಿತು. ಒಂದನೇ ಸಿಲಿಂಡರಿನ ಪ್ಲಗ್ ಬಿಚ್ಚಿ, ತೂತಿಗೆ ಬೆರಳಿಟ್ಟು, ಇಂಜಿನ್ನನ್ನು ಕೈಯಿಂದ ತಿರುಗಿಸಿದೆ. ಗಾಳಿ ಬೆರಳನ್ನು ತಳ್ಳಿತು, ಪುಲ್ಲಿಯ ಗುರುತು ಸೊನ್ನೆಗೆ ಬಂತು. ಆಗ ರೋಟರ್ ಒಂದನೇ ಲೀಡಿನ ಕಡೆ ಇರಬೇಕಿತ್ತು, ನೋಡಿದರೆ ಎದುರಿನ ಆರನೇ ಲೀಡಿನ ಕಡೆ ಮುಖ ಮಾಡಿತ್ತು. ಡಿಸ್ಟ್ರಿಬ್ಯೂಟರ್ ಎತ್ತಿ, ಅರ್ಧ ಸುತ್ತು ತಿರುಗಿಸಿ ಕೂರಿಸಿದೆ. ಲೀಡ್‌ಗಳನ್ನು ಸಿಲಿಂಡರ್‌ಗಳಿಗೆ ಕಿಡಿ ಬೀಳುವ ಕ್ರಮದಲ್ಲಿ 1-8-4-3-6-5-7-2 ಅಂತ ಇನ್ನೊಮ್ಮೆ ಎಣಿಸಿದೆ. ಎರಡನೇ ಸಲಕ್ಕೆ ಹಿಡಿಯಿತು.

ಶಿವಮೊಗ್ಗದ ಸರ್, ನೀವು ಹೇಳಿದ್ದೂ ನಿಜವೇ. ಬ್ಲಾಕಿನಿಂದ ಫೈರ್‌ವಾಲ್‌ಗೆ ಹೋಗುವ ಪಟ್ಟಿ ಹಳೇ ಇಂಜಿನ್ನಿನ ಜೊತೆಗೇ ಶೆಡ್ಡಿನಲ್ಲಿ ಬಿದ್ದಿತ್ತು. ಇವತ್ತು ಬೆಳಿಗ್ಗೆ ಹಾಕಿದೆ. ಬಿಚ್ಚಿಟ್ಟ ಹಳೇ ಮಾಡ್ಯೂಲ್ ಎಸೆಯಲಿಲ್ಲ. ಅದಕ್ಕೇನೂ ಆಗಿರಲಿಲ್ಲವಲ್ಲ, ಬಟ್ಟೆಯಲ್ಲಿ ಸುತ್ತಿ ಸ್ಪೇರ್ ಅಂತ ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿದ್ದೇನೆ.