ಅಪ್‌ಡೇಟ್: ಗುಂಡಿನ ಖಾಲಿ ಕೇಸ್ ಸಿಕ್ಕಿಕೊಳ್ಳುತ್ತಿದ್ದ .22 ರೈಫಲ್ ಸರಿಯಾಯ್ತು

ಎರಡು ವಾರದ ಹಿಂದೆ ಕೇಳಿದ್ದೆ: ಲೈಸೆನ್ಸ್ ಇರುವ ನನ್ನ .22 ಸೆಮಿ ಆಟೋಮ್ಯಾಟಿಕ್ ರೈಫಲ್‌ನಲ್ಲಿ ಖಾಲಿ ಕೇಸ್ (ಗುಂಡು ಹಾರಿದ ಮೇಲೆ ಉಳಿಯುವ ಲೋಹದ ಕವಚ) ಹೊರಗೆ ಬಾರದೆ ಸಿಕ್ಕಿಕೊಳ್ಳುತ್ತದೆ, ಸ್ಪ್ರಿಂಗ್ ಬದಲಿಸಬೇಕಾ ಅಂತ. ಬೇಕಾಗಲಿಲ್ಲ. ಬರೀ ಕೊಳೆ!

ಇಲ್ಲಿ ಪುಣೆಯ ಬಾಲೆವಾಡಿ ಶೂಟಿಂಗ್ ರೇಂಜಿನಲ್ಲಿ ಸಿಗುವ ಧಾರವಾಡದ ಹಿರಿಯರೊಬ್ಬರು, "ತಮ್ಮಾ, ಮೊದಲ ಮ್ಯಾಗಜಿನ್ ತಗಿ. ಚೇಂಬರ್ ಖಾಲಿ ಐತೇನು ಎರಡ ಸಲ ನೋಡು" ಅಂದಿದ್ದರು. ಮ್ಯಾಗಜಿನ್ ಅಂದರೆ ಗುಂಡು ತುಂಬುವ ಡಬ್ಬಿ, ಚೇಂಬರ್ ಅಂದರೆ ಬ್ಯಾರೆಲ್ ಹಿಂಬದಿಯಲ್ಲಿ ಗುಂಡು ಕೂರುವ ಜಾಗ. ಹಾಗೇ ಮಾಡಿದೆ. ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟೆ.

ಬೋಲ್ಟ್ (ಚೇಂಬರನ್ನು ಹಿಂದಿನಿಂದ ಮುಚ್ಚುವ ಭಾಗ) ಹೊರತೆಗೆದರೆ, ಖಾಲಿ ಕೇಸನ್ನು ಹಿಡಿದು ಎಳೆಯುವ ಎಕ್ಸ್‌ಟ್ರಾಕ್ಟರ್ ಕೊಕ್ಕೆಯ ಕೆಳಗೆ ಕಾಡಿಗೆಯಂಥದ್ದು ಕಟ್ಟಿತ್ತು. .22 ಗುಂಡಿನ ಸೀಸಕ್ಕೆ ಮೇಣ ಸವರಿರುತ್ತಾರೆ ಅಲ್ವಾ, ಅದು ಮಸಿ ಜೊತೆ ಸೇರಿ ಗಟ್ಟಿಯಾಗಿತ್ತು. ಹಲ್ಲುಕಡ್ಡಿಯಿಂದ ಕೆರೆದೆ, ಚೂರು ಚೂರಾಗಿ ಎದ್ದು ಬಂತು. ಆಮೇಲೆ ಸಾಲ್ವೆಂಟ್, ಹಳೇ ಟೂತ್‌ಬ್ರಷ್. ಬ್ಯಾರೆಲ್‌ಗೆ ಚೇಂಬರ್ ಕಡೆಯಿಂದ ಬೋರ್ ಸ್ನೇಕ್ (ಒಳಗೆ ಒರೆಸುತ್ತಾ ಹೋಗುವ ಬ್ರಷ್ ಇರುವ ಹಗ್ಗ) ಎಳೆದೆ. ಗುಂಡು ಹೊರಬರುವ ಬಾಯಿ ಕಡೆಯಿಂದ ರಾಡ್ ತುರುಕಿದರೆ ಬ್ಯಾರೆಲ್ ತುದಿ ಸವೆದು ಗುರಿ ಕೆಡುತ್ತದೆ.

ತಪ್ಪು ನನ್ನದೇ. ಪುಣೆ ಮಳೆಗೆ ತುಕ್ಕು ಹಿಡಿದೀತು ಅಂತ ಎಣ್ಣೆ ಜಾಸ್ತಿ ಹಾಕುತ್ತಿದ್ದೆ, ಅದಕ್ಕೇ ಮಸಿ ಅಂಟಿಕೊಂಡಿದ್ದು. ಈಗ ಒಂದೆರಡು ಹನಿ, ಬಟ್ಟೆಯಿಂದ ಒರೆಸಿದ್ದು, ಅಷ್ಟೇ.

ಒಂದು ಪಿನ್ ಫ್ರಿಜ್ ಕೆಳಗೆ ಉರುಳಿ ಅರ್ಧ ಗಂಟೆ ಹುಡುಕಿಸಿತು. ಊಟದ ಟೇಬಲ್ ಮೇಲೆ ಸೀಸದ ಮಸಿ ಹರಡಿದ್ದಕ್ಕೆ ಮನೆಯವಳ ಬೈಗುಳ ಬೇರೆ, ಅದು ನ್ಯಾಯವೇ. ನಿನ್ನೆ ರೇಂಜಿನಲ್ಲಿ 50 ಗುಂಡು ಹೊಡೆದೆ. ಒಂದು ಕೇಸೂ ಸಿಕ್ಕಿಕೊಳ್ಳಲಿಲ್ಲ.