ಚರ್ಚಿಗೆ 75 ವರ್ಷ: ಹರಿಹರಕ್ಕೆ ಪಾದಯಾತ್ರೆ ಮಾಡಬೇಕು ಅಂತಿದ್ದೇವೆ, ಅನುಭವ ಇರುವವರು ಹೇಳಿ

ತುಂಗೆ ದಡದವಳು

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಧರ್ಮಕೇಂದ್ರ. ಮುಂದಿನ ವರ್ಷ ನಮ್ಮ ಚರ್ಚಿಗೆ 75 ತುಂಬುತ್ತದೆ. ಪಾಲನಾ ಸಮಿತಿಯ ಮೀಟಿಂಗ್ ನಡೆಯುತ್ತಲೇ ಇದೆ, ಆದರೆ ಮಾತೆಲ್ಲ ಪೆಂಡಾಲ್, ಸ್ಟೇಜು, ಲೈಟಿಂಗ್, ಊಟ ಇಷ್ಟರಲ್ಲೇ ಸುತ್ತುತ್ತದೆ. ಅದೂ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಒಂದು ದಿನದ ಸಮಾರಂಭ ಮುಗಿದು ಶಾಮಿಯಾನ ಬಿಚ್ಚಿದ ಮೇಲೆ ನಮ್ಮ ಮಕ್ಕಳಿಗೆ ಏನು ಉಳಿಯುತ್ತದೆ ಅಂತ ನನಗೆ ಚಿಂತೆ.

ನನ್ನ ಮನಸ್ಸಿನಲ್ಲಿರುವುದು ಹರಿಹರದ ಆರೋಗ್ಯಮಾತೆ ಬೆಸಿಲಿಕಾಕ್ಕೆ ಪಾದಯಾತ್ರೆ. ಇಲ್ಲಿಂದ ಹೊರಟರೆ ಮಂಡಗದ್ದೆ, ಗಾಜನೂರು, ಶಿವಮೊಗ್ಗ, ಹೊನ್ನಾಳಿ, ಹರಿಹರ. ನಮ್ಮ ಮನೆ ಹಿಂದೆ ಹರಿಯುವ ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಸೇರಿ ಆ ಊರಿನ ಪಕ್ಕದಲ್ಲೇ ಹೋಗುತ್ತದೆ, ಅಂದರೆ ಹೊಳೆಯ ಜೊತೆಗೇ ನಡೆದ ಹಾಗೆ. ಫಾದರ್ ಒಪ್ಪಿದ್ದಾರೆ. ಉಳಿದವರು "ಮಲೆನಾಡಿನಲ್ಲಿ ಯಾವ ತಿಂಗಳಲ್ಲಿ ನಡೆಸ್ತೀಯಮ್ಮ, ವಯಸ್ಸಾದವರನ್ನು ಏನು ಮಾಡ್ತೀಯ" ಅಂತ ಕೇಳುತ್ತಾರೆ, ನನ್ನ ಹತ್ತಿರ ಉತ್ತರ ಇಲ್ಲ.

ಇನ್ನೊಂದು ವಿಷಯ. ನಮ್ಮಲ್ಲಿ ಕೊಂಕಣಿ ಮನೆಗಳಿವೆ, ತಮಿಳು ಮನೆಗಳಿವೆ, ಕನ್ನಡವೇ ಮನೆಮಾತಾಗಿರುವವರೂ ಇದ್ದಾರೆ. ಹಬ್ಬ ಬಂದರೆ ಯಾವ ಭಾಷೆಯ ಹಾಡು ಎಷ್ಟು ಅನ್ನುವುದೇ ದೊಡ್ಡ ವಿಷಯ ಆಗುತ್ತದೆ. ಇಂಥದ್ದನ್ನು ನಿಮ್ಮ ಊರಲ್ಲಿ ಹೇಗೆ ನಿಭಾಯಿಸಿದಿರಿ?

ಭದ್ರಾವತಿ ಅಕ್ಕ

ಖಂಡಿತ ಮಾಡಿ, ಬಿಡಬೇಡಿ. ಆದರೆ ತೀರ್ಥಹಳ್ಳಿಯಿಂದಲೇ ಎಲ್ಲರನ್ನೂ ನಡೆಸುತ್ತೇನೆ ಅನ್ನಬೇಡಿ. ಶಿವಮೊಗ್ಗಕ್ಕೇ 60 ಕಿಲೋಮೀಟರ್, ಅಲ್ಲಿಂದ ಹರಿಹರಕ್ಕೆ ಇನ್ನು ಸುಮಾರು 80. ಅಭ್ಯಾಸ ಇಲ್ಲದವರು ದಿನಕ್ಕೆ 20-25 ನಡೆದರೆ ಅದೇ ಜಾಸ್ತಿ. ಆರೇಳು ದಿನ ಕೆಲಸ ಬಿಟ್ಟು ಬರುವವರು ಎಷ್ಟು ಜನ ಸಿಗುತ್ತಾರೆ ಹೇಳಿ.

ನನ್ನ ಸಲಹೆ ಹೀಗೆ. ನಿಮ್ಮ ಚರ್ಚಿನಿಂದ ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಕೆಥೆಡ್ರಲ್‌ವರೆಗೆ ಬಸ್ಸಿನಲ್ಲಿ ಬನ್ನಿ, ಅಲ್ಲಿ ಬಲಿಪೂಜೆ (ಮಾಸ್) ಮುಗಿಸಿ. ಗಟ್ಟಿಮುಟ್ಟಾದ ಹುಡುಗರು ಅಲ್ಲಿಂದ ನಡೆಯಲಿ. ಉಳಿದವರು ಹೊನ್ನಾಳಿಯಲ್ಲಿ ಸೇರಿಕೊಂಡು ಕೊನೆಯ 40 ಕಿಲೋಮೀಟರನ್ನು ಎರಡು ದಿನದಲ್ಲಿ ನಡೆಯಲಿ. ತೀರಾ ವಯಸ್ಸಾದವರು ಹರಿಹರ ಊರಿನ ಅಂಚಿನಲ್ಲಿ ಇಳಿದು ಕೊನೆಯ ಒಂದು ಕಿಲೋಮೀಟರ್ ಕೈಹಿಡಿದುಕೊಂಡು ಬರಲಿ. ನಾವು ಹೀಗೆ ಹೋಗಿದ್ದಾಗ ಆ ಒಂದು ಕಿಲೋಮೀಟರಿಗೆ ನಮ್ಮ ಪೈಕಿ ಒಬ್ಬ ಅಜ್ಜಿ ಹೊಸ ಸೀರೆ ಉಟ್ಟುಕೊಂಡು, ಚಪ್ಪಲಿ ಬಿಟ್ಟು, ಜಪಸರ ಕೈಗೆ ಸುತ್ತಿಕೊಂಡು ಬಸ್ಸಿನ ಬಾಗಿಲಲ್ಲೇ ನಿಂತಿದ್ದರು, ನಾವು ಬಂದು ಸೇರುವವರೆಗೂ ಕೂರಲೇ ಇಲ್ಲ.

ಬೆಳಗಿನ ಜಾವ ನಾಲ್ಕಕ್ಕೆ ಹೊರಡಿ, ಒಂಬತ್ತೂವರೆಗೆ ನಿಲ್ಲಿಸಿ. ಸಂಜೆ ಮತ್ತೆ ಸ್ವಲ್ಪ. ಹಿಂದೆ ಮುಂದೆ ಒಂದೊಂದು ವಾಹನ, ಎಲ್ಲರಿಗೂ ಹೊಳೆಯುವ ಪಟ್ಟಿಯ ಜಾಕೆಟ್. ಪೊಲೀಸ್ ಠಾಣೆಗೆ ಮೊದಲೇ ಪತ್ರ ಕೊಡಿ. ಹೊಸ ಚಪ್ಪಲಿ, ಹೊಸ ಶೂ ಹಾಕಿಕೊಂಡು ಯಾರೂ ಬರಬಾರದು, ಮೊದಲ ದಿನವೇ ಬೊಬ್ಬೆ ಏಳುತ್ತದೆ. ಹೆಂಗಸರಿಗೆ ಶೌಚಾಲಯ ಎಲ್ಲೆಲ್ಲಿ ಅಂತ ಮುಂಚೆಯೇ ಒಬ್ಬರು ಗಾಡಿಯಲ್ಲಿ ಹೋಗಿ ನೋಡಿಕೊಂಡು ಬನ್ನಿ. ಗಂಡಸರೇ ಇರುವ ಸಮಿತಿಗಳಲ್ಲಿ ಇದು ಕೊನೆಗೆ ನೆನಪಾಗುತ್ತದೆ, ಆಗ ಹೊತ್ತು ಮೀರಿರುತ್ತದೆ.

ಸೆಪ್ಟೆಂಬರ್ 8ರ ಹಬ್ಬಕ್ಕೇ ಹೋಗಬೇಕು ಅಂತ ಹಟ ಬೇಡ. ಆಗಸ್ಟ್ 30ರಿಂದ ನೊವೆನಾ (ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆ) ಶುರು, ಆ ದಿನಗಳಲ್ಲಿ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಿಮ್ಮ ಕಡೆ ಮಳೆಯೂ ನಿಂತಿರುವುದಿಲ್ಲ ಅಲ್ವಾ.

ಕಾಡುದಾರಿ

ಅಕ್ಕ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ, ಯಾಕೆಂದರೆ ನಾನು ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡಿದವನು.

ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ, ಅಂದರೆ ಫೆಬ್ರವರಿ-ಮಾರ್ಚಿನಲ್ಲಿ ನಡೆಯೋಣ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ತೀರ್ಥಹಳ್ಳಿ-ಶಿವಮೊಗ್ಗ ರಸ್ತೆಯಲ್ಲಿ ಕಾಡು ಇದೆ, ಅದು ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ, ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ. ಡಿಸೆಂಬರಿನಿಂದ ಮೇವರೆಗೆ ಅದನ್ನು ಹರಡುವ ಉಣುಗು ಕಚ್ಚುವ ಭಯ ಇದ್ದೇ ಇದೆ. ಡಾಂಬರು ರಸ್ತೆಯ ಮೇಲೆ ನಡೆದರೆ ಅಪಾಯ ಕಡಿಮೆ. ಆದರೆ ದಣಿವಾಯಿತು ಅಂತ ತರಗೆಲೆ ಮೇಲೆ ಕೂರುವುದು, ಮರದ ಬುಡದಲ್ಲಿ ಮಲಗುವುದು ಬೇಡವೇ ಬೇಡ. ಆಶಾ ಕಾರ್ಯಕರ್ತೆಯರ ಹತ್ತಿರ ಡೆಪಾ ಎಣ್ಣೆ ಕೇಳಿ, ಕೈಕಾಲಿಗೆ ಹಚ್ಚಿಕೊಂಡು ಹೊರಡಿ. ರಾತ್ರಿ ಉಳಿಯುವ ಕಡೆ ಬಿಸಿನೀರು, ಸೋಪು ಹಾಕಿ ಸ್ನಾನ. ಬಂದ ಮೇಲೆ ಜ್ವರ ಬಂದರೆ ಸುಮ್ನೆ ಮಾತ್ರೆ ನುಂಗಿ ಮಲಗದೆ, ಕಾಡುದಾರಿಯಲ್ಲಿ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಿ. ಗಾಜನೂರು, ಸಕ್ರೆಬೈಲು ಭಾಗವನ್ನು ಕತ್ತಲಲ್ಲಿ ನಡೆಯಬೇಡಿ.

ನಿವೃತ್ತ ಮೇಷ್ಟ್ರು

ಪ್ರಶ್ನೆ ಕೇಳಿದ ತಂಗಿಗೆ ಆಶೀರ್ವಾದ. ಯಾತ್ರೆ ಒಳ್ಳೆಯದು, ಆದರೆ ಯಾತ್ರೆಗಿಂತ ಮೊದಲು ಮಾಡುವ ಕೆಲಸ ನಿಮ್ಮ ಚರ್ಚಿನ ಒಳಗೇ ಇದೆ.

ಮೊದಲನೆಯದು ದೀಕ್ಷಾಸ್ನಾನದ ರಿಜಿಸ್ಟರ್. ಪ್ರತಿ ಧರ್ಮಕೇಂದ್ರವೂ ಅದನ್ನು ಇಡಲೇಬೇಕು ಅನ್ನುವುದು ಚರ್ಚಿನ ಕಾನೂನು. ಹಳೆಯ ಪುಟಗಳು ಹೆಚ್ಚಾಗಿ ಲ್ಯಾಟಿನ್‌ನಲ್ಲಿರುತ್ತವೆ. ಅಂತೋಣಪ್ಪ ಅಲ್ಲಿ ಅಂತೋನಿಯುಸ್ ಆಗಿರುತ್ತಾನೆ. ಪಕ್ಕದಲ್ಲಿ ಅಪ್ಪ ಅಮ್ಮ, ಜ್ಞಾನ ತಂದೆ ತಾಯಿ, ಯಾವ ಎಸ್ಟೇಟು, ಯಾವ ಊರು. ಅಂಚಿನಲ್ಲಿ ಬೇರೆ ಶಾಯಿಯಲ್ಲಿ, ಬೇರೆ ಫಾದರ್ ಕೈಬರಹದಲ್ಲಿ, ಇಂಥ ವರ್ಷ ಇಂಥ ಊರಲ್ಲಿ ಮದುವೆಯಾಯಿತು ಅಂತ ಒಂದು ಸಾಲು. ಯಾರು ಕರಾವಳಿಯಿಂದ ಘಟ್ಟ ಹತ್ತಿ ತೋಟದ ಕೆಲಸಕ್ಕೆ ಬಂದರು, ಯಾರು ತಮಿಳು ಸೀಮೆಯಿಂದ ಬಂದರು ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದ ಮೇಲೆ ಬಂದವರ ಮನೆತನಗಳೂ ಈ ಭಾಗದಲ್ಲಿ ಇವೆ. ಆದರೆ ಆ ಪುಸ್ತಕವನ್ನು ಹಾಗೇ ಪ್ರದರ್ಶನಕ್ಕೆ ಇಡಬೇಡಿ, ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಬೇಡಿ. ಅದರಲ್ಲಿ ಮನೆಗಳ ಒಳಗಿನ ವಿಷಯ ಇರುತ್ತದೆ. ಫಾದರ್ ಪಕ್ಕದಲ್ಲಿ ಕೂತು ಆಯಾ ಮನೆಯವರಿಗೆ ಅವರ ಅಜ್ಜ ಅಜ್ಜಿಯ ಸಾಲನ್ನು ಮಾತ್ರ ತೋರಿಸಲಿ.

ನಿಮ್ಮಲ್ಲಿ ಸಿಗದ ಕಾಗದಪತ್ರ ಹುಡುಕಲು ಇದು ನೆನಪಿರಲಿ: ಶಿವಮೊಗ್ಗ ಧರ್ಮಪ್ರಾಂತ್ಯ (ಒಬ್ಬ ಬಿಷಪ್ ನೋಡಿಕೊಳ್ಳುವ ಪ್ರದೇಶ) ಆದದ್ದು 1988ರಲ್ಲಿ. ಅದಕ್ಕೆ ಮುಂಚೆ ನಾವು ಚಿಕ್ಕಮಗಳೂರಿಗೆ ಸೇರಿದ್ದೆವು, ಅದು ಆದದ್ದು 1963ರಲ್ಲಿ. ಅದಕ್ಕೂ ಹಿಂದೆ ಮೈಸೂರು. ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದವರು ಪ್ಯಾರಿಸ್ ಮಿಷನ್‌ನ ಫ್ರೆಂಚ್ ಫಾದರ್‌ಗಳು, ನಿಮ್ಮ ಚರ್ಚು ಕಟ್ಟಿದ ಕಾಲದ ಬಿಷಪ್ ರೆನೆ ಫ್ಯುಗಾ ಅವರೂ ಅದೇ ಮಿಷನ್‌ನವರು.

ಎರಡನೆಯದು, ಗೋಡೆ ನೋಡಿ. ಬಿಷಪ್ ಬಂದು ಚರ್ಚನ್ನು ದೇವರಿಗೆ ಅರ್ಪಿಸಿದ್ದರೆ ಬಲಿಪೀಠಕ್ಕೂ ಗೋಡೆಗೂ ಪವಿತ್ರ ತೈಲ ಹಚ್ಚಿರುತ್ತಾರೆ. ಹಚ್ಚಿದ ಜಾಗದಲ್ಲಿ 12 ಅಥವಾ 4 ಶಿಲುಬೆ. ನಮ್ಮ ಚರ್ಚಿನಲ್ಲಿ ಅವು ಅಂಗೈಯಗಲದ್ದು, ಪ್ರತಿಯೊಂದರ ಕೆಳಗೆ ಮೇಣದಬತ್ತಿ ಸಿಕ್ಕಿಸಲು ಸಣ್ಣ ಕಬ್ಬಿಣದ ಕೊಂಡಿ. ಸುಣ್ಣದ ಮೇಲೆ ಸುಣ್ಣ ಬಳಿದು ಮುಚ್ಚಿಹೋಗಿದ್ದವು, ಹುಡುಗರು ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಿ ಬಿಡಿಸಿದರು. ವಾರ್ಷಿಕೋತ್ಸವದ ದಿನ ಪ್ರತಿ ಶಿಲುಬೆಯ ಮುಂದೆ ದೀಪ ಹಚ್ಚುವುದು ಹಳೆಯ ಕ್ರಮ. ಜುಬಿಲಿಗೆ ಪೇಂಟ್ ಮಾಡಿಸುತ್ತೀರಲ್ಲ, ಗುತ್ತಿಗೆದಾರನಿಗೆ ಬಿಡುವ ಮುಂಚೆ ಗೋಡೆಗಳನ್ನು ಒಮ್ಮೆ ಕೈಯಾಡಿಸಿ ನೋಡಿ.

ಹಾಗೆಯೇ ಬಿಷಪ್ ಮೂಲಕ ರೋಮ್‌ಗೆ ಬರೆದು ಜುಬಿಲಿ ವರ್ಷಕ್ಕೆ ಇಂಡಲ್ಜೆನ್ಸ್ (ಕ್ಷಮೆ ಸಿಕ್ಕ ಪಾಪಗಳಿಗೆ ಉಳಿದ ಶಿಕ್ಷೆಯ ಮಾಫಿ) ಕೇಳಬಹುದು. ಪಾಪನಿವೇದನೆ, ಪರಮಪ್ರಸಾದ, ಪೋಪ್ ಅವರ ಉದ್ದೇಶಗಳಿಗಾಗಿ ಪ್ರಾರ್ಥನೆ ಇವು ಅದರ ನಿಯಮ. ಪತ್ರ ಹೋಗಿ ಬರಲು ಸಮಯ ಬೇಕು, ಈಗಲೇ ಶುರುಮಾಡಿ.

ಭಾಷೆಯ ಬಗ್ಗೆ: ಜಪಸರದಲ್ಲಿ ಐದು ದಶಕ, ಅಂದರೆ ಹತ್ತು ಹತ್ತು ಮಣಿಯ ಐದು ಭಾಗ ಇದೆ. ಒಂದು ಕನ್ನಡ, ಒಂದು ಕೊಂಕಣಿ, ಒಂದು ತಮಿಳು. ಸುತ್ತಮುತ್ತ ಕೇರಳದಿಂದ ಬಂದ ಸಿರೋ-ಮಲಬಾರ್ (ಬೇರೆ ಪೂಜಾಪದ್ಧತಿಯ ಕಥೋಲಿಕ) ಮನೆಗಳಿದ್ದರೆ ಅವರನ್ನೂ ಕರೆಯಿರಿ, 2007ರಿಂದ ಅವರಿಗೆ ಭದ್ರಾವತಿಯಲ್ಲೇ ಧರ್ಮಪ್ರಾಂತ್ಯ ಇದೆ, ನಾಲ್ಕನೆಯದು ಮಲಯಾಳಂ. ಐದನೆಯದು ಮಕ್ಕಳು ಹೇಳಲಿ. ಬಲಿಪೂಜೆ ಕನ್ನಡದಲ್ಲಿ ಇರಲಿ, ಅದು ಎಲ್ಲರಿಗೂ ಅರ್ಥವಾಗುತ್ತದೆ, ಬೇರೆ ಧರ್ಮದ ನೆರೆಯವರಿಗೂ.

ಬೆಂಗಳೂರಲ್ಲಿರುವ ಮಲೆನಾಡಿಗ

ಮೇಷ್ಟ್ರು ಹೇಳಿದ್ದೆಲ್ಲ ಒಪ್ಪುತ್ತೇನೆ. ಆದರೆ ದೊಡ್ಡ ಊಟ, ಸ್ಟೇಜು ಬೇಡ ಅಂತ ತೀರ್ಮಾನಕ್ಕೆ ಬರಬೇಡಿ. ನಮ್ಮಂಥವರು ಬೆಂಗಳೂರಲ್ಲಿ, ಗಲ್ಫಿನಲ್ಲಿ ಇದ್ದೇವೆ. ವರ್ಷಕ್ಕೊಮ್ಮೆ ಊರಿಗೆ ಬಂದಾಗ ಹಳೆಯ ಗೆಳೆಯರ ಜೊತೆ ಒಂದೇ ಸಾಲಿನಲ್ಲಿ ಕೂತು ಊಟ ಮಾಡುವುದು ನಮಗೆ ತುಂಬಾ ದೊಡ್ಡದು. ಅದಕ್ಕಾಗಿಯೇ ರಜೆ ಹಾಕುತ್ತೇವೆ. ದಯವಿಟ್ಟು ದಿನಾಂಕವನ್ನು ಆರು ತಿಂಗಳು ಮುಂಚೆ ಹೇಳಿ. ಮತ್ತೆ ಬರಿಯ ಚಂದಾ ಕೇಳಲು ಫೋನ್ ಮಾಡಬೇಡಿ, ಕೆಲಸವನ್ನೂ ಹಂಚಿ. ವಯಸ್ಸಾದವರ ಮಾತು ರೆಕಾರ್ಡ್ ಮಾಡುವುದಿದ್ದರೆ ನಾನು ಬಂದು ಮಾಡಿಕೊಡುತ್ತೇನೆ. ಪೂಜೆಯನ್ನು ಜನರ ಭಾಷೆಗೆ ತರಲು ದಾರಿ ಮಾಡಿದ 1960ರ ದಶಕದ ಎರಡನೇ ವ್ಯಾಟಿಕನ್ ಮಹಾಸಭೆಗೆ ಮುಂಚೆ ಲ್ಯಾಟಿನ್ ಪೂಜೆ ಕಂಡವರು ಇನ್ನು ಕೆಲವರೇ ಉಳಿದಿದ್ದಾರೆ, ಅವರ ಮನೆಗೆ ಮೊದಲು ಹೋಗಬೇಕು.

ತೋಟದ ಮನೆ

ನಾನು ಕ್ರಿಶ್ಚಿಯನ್ ಅಲ್ಲ, ನಮ್ಮ ತೋಟದ ಬೇಲಿ ದಾಟಿದರೆ ಚರ್ಚಿನ ಅಂಗಳ, ಅದಕ್ಕೇ ಬರೆಯುತ್ತಿದ್ದೇನೆ. ನೆರೆಯವರನ್ನು ಕಾರ್ಡ್ ಕೊಟ್ಟು ಸ್ಟೇಜಿನ ಮುಂದೆ ಕುರ್ಚಿಯಲ್ಲಿ ಕೂರಿಸಿದರೆ ಅವರು ಅತಿಥಿಗಳಾಗುತ್ತಾರೆ ಅಷ್ಟೆ. ಹೊರೆಕಾಣಿಕೆ ಇಡಿ. ನಮ್ಮೂರ ಚರ್ಚಿನ ಹಬ್ಬಕ್ಕೆ ನಾವು ಅಕ್ಕಿ, ಬೆಲ್ಲ, ತೆಂಗಿನಕಾಯಿ, ಬಾಳೆಗೊನೆ, ತರಕಾರಿ ಎಲ್ಲ ಜೀಪಿಗೆ ಹಾಕಿಕೊಂಡು ಮೆರವಣಿಗೆಯಲ್ಲಿ ಹೋಗುತ್ತೇವೆ. ನಮ್ಮ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಅವರೂ ಹಾಗೇ ಬಂದಿದ್ದರು. ತಾನು ಕೊಟ್ಟ ಅಕ್ಕಿ ಬೇಯುತ್ತಿದೆ ಅಂದರೆ ಮನುಷ್ಯ ಬಡಿಸಲಿಕ್ಕೂ ನಿಲ್ಲುತ್ತಾನೆ. ಹೊರೆಕಾಣಿಕೆ ಬರುವ ದಿನದ ಅಡುಗೆ ಸಸ್ಯಾಹಾರ ಇರಲಿ, ಎಲ್ಲರೂ ಒಟ್ಟಿಗೆ ಕೂರಬಹುದು.

ದಿನಾಂಕ ಗೊತ್ತುಮಾಡುವಾಗ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ ಯಾವಾಗ ಅಂತ ನೋಡಿಕೊಳ್ಳಿ. ಅಡಿಕೆ ಕೊಯ್ಲು ಜೋರಾಗಿರುವಾಗಲೂ ಕೆಲಸಕ್ಕೆ ಜನ ಸಿಗುವುದಿಲ್ಲ, ನೋಡುವುದಕ್ಕೂ ಬರುವುದಿಲ್ಲ.

ತುಂಗೆ ದಡದವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ವಿವರವಾಗಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಅಕ್ಕ ಹೇಳಿದ ಹಾಗೆ ಕೆಥೆಡ್ರಲ್‌ವರೆಗೆ ಬಸ್ಸು, ಹೊನ್ನಾಳಿಯಿಂದ ಎಲ್ಲರೂ ನಡಿಗೆ ಅಂತ ಈ ಭಾನುವಾರ ಪೂಜೆ ಆದ ಮೇಲೆ ಹೇಳುತ್ತೇನೆ. ಮಳೆ ಕಡಿಮೆಯಾಗಿ, ಕೊಯ್ಲು ಶುರುವಾಗುವ ಮುಂಚೆ, ಅಕ್ಟೋಬರ್ ಕೊನೆಗೆ ಇಟ್ಟುಕೊಂಡರೆ ಹೇಗೆ? ಅಕ್ಟೋಬರ್ ಜಪಸರದ ತಿಂಗಳೂ ಹೌದು. ಮಂಗನ ಕಾಯಿಲೆಯ ಕಾಲವೂ ಇನ್ನೂ ಬಂದಿರುವುದಿಲ್ಲ. ಊಟದ ದಿನವನ್ನು ಬೇರೆ ಇಡುತ್ತೇವೆ, ಹೊರಗಿರುವವರಿಗೆ ಅನುಕೂಲ ಆಗುವ ಹಾಗೆ.

ಮೇಷ್ಟ್ರೇ, ನಿಮ್ಮ ಮಾತು ಓದಿ ಸಂಜೆಯೇ ಚರ್ಚಿಗೆ ಹೋಗಿ ಗೋಡೆ ನೋಡಿದೆ. ಬಲಗಡೆ ಎರಡನೇ ಕಿಟಕಿಯ ಪಕ್ಕ ಬಣ್ಣದ ಕೆಳಗೆ ಏನೋ ಉಬ್ಬಿದಂತೆ ಕೈಗೆ ಸಿಗುತ್ತದೆ. ಇಲ್ಲಿರುವುದು ಸುಣ್ಣ ಅಲ್ಲ, ಆಯಿಲ್ ಪೇಂಟ್. ಅದನ್ನು ಹೇಗೆ ತೆಗೆಯುವುದು?

ನಿವೃತ್ತ ಮೇಷ್ಟ್ರು

ಥಿನ್ನರ್ ಹಾಕಬೇಡಿ, ಕೆಳಗಿನ ಗಾರೆಗೆ ಏನಾಗುತ್ತದೋ ಹೇಳಲಾಗದು. ಮೊದಲು ಫಾದರ್‌ಗೆ ತೋರಿಸಿ. ಹಳೆಯ ಗಾರೆ ಕೆಲಸ ಗೊತ್ತಿರುವ ಮೇಸ್ತ್ರಿ ಒಬ್ಬರನ್ನು ಕರೆಸಿ, ಒಂದು ಬೆರಳಗಲ ಜಾಗದಲ್ಲಿ ಮಾತ್ರ ಕೆರೆದು ನೋಡಲಿ. ಶಿಲುಬೆಯೇ ಆಗಿದ್ದರೆ ಎದುರು ಗೋಡೆಯಲ್ಲಿ ಅದೇ ಎತ್ತರಕ್ಕೆ ಇನ್ನೊಂದು ಇರುತ್ತದೆ, ಅಲ್ಲೂ ನೋಡಿ. ಅಕ್ಟೋಬರ್ ಕೊನೆ ಒಳ್ಳೆಯ ಸಮಯ.

ಭದ್ರಾವತಿ ಅಕ್ಕ

ನನಗೂ ಅಕ್ಟೋಬರ್ ಸರಿ ಅನ್ನಿಸುತ್ತದೆ, ಆದರೆ ಕೊಡೆ ಬಿಟ್ಟು ಬರಬೇಡಿ. ದಿನಾಂಕ ಗೊತ್ತಾದ ತಕ್ಷಣ ಇಲ್ಲೇ ಹಾಕಿ. ಹೊನ್ನಾಳಿಯಲ್ಲಿ ನಾವೂ ಕೆಲವರು ಸೇರಿಕೊಳ್ಳುತ್ತೇವೆ, ತಮಿಳು ದಶಕ ಹೇಳಲು ನಮ್ಮಲ್ಲಿ ಜನ ಇದ್ದಾರೆ.